ಅಪ್ಪನ ಹೆಬ್ಬೆರಳಿನ ಅಳತೆ

ಮರದ ಬಾಚಣಿಗೆ ಮಾಡುವ ಮನೆಯವಳಾದ್ದರಿಂದ ಬೀದಿಯವರೆಲ್ಲ ಅವಳನ್ನು ‘ಬಾಚಣಿಗೆ ಅತ್ತೆ’ ಎನ್ನುತ್ತಿದ್ದರು. ಗುಜರಿಯವನು ಅವಳ ಗರಗಸವನ್ನು ಎರಡು ಸಲ ಕೇಳಿ ಹೋಗಿದ್ದ. ಮೂರನೆಯ ಸಲ ಬಂದರೆ ಕೊಟ್ಟು ಕೈತೊಳೆದುಕೊಳ್ಳೋಣ ಎಂದು ಅತ್ತೆ ಅದನ್ನು ಬಾಗಿಲ ಬಳಿಯೇ ಇಟ್ಟಿದ್ದಳು. ಅದು ಅವಳ ಅಪ್ಪನ ಗರಗಸ.

ಅಪ್ಪ ಇದ್ದಾಗ ಬೆಳಗಾದರೆ ಸಾಕು, ಬೀದಿಯ ಹನ್ನೊಂದು ಮನೆಗಳಲ್ಲೂ ಮರ ಕೊಯ್ಯುವ ಸದ್ದು. ಅವನು ಜಗಲಿಯಲ್ಲಿ ಕೂತು ಬಾಚಣಿಗೆಗೆ ಹಲ್ಲು ಕೊಯ್ದರೆ ಮಡಿಲ ತುಂಬ ಮರದ ಹುಡಿ. ಆ ವಾಸನೆ ಅತ್ತೆಗೆ ಈಗಲೂ ನೆನಪಿದೆ. ಆಮೇಲೆ ಸರಕಾರ ಆಮದು ಸುಂಕ ಇಳಿಸಿತು. ಪ್ಲಾಸ್ಟಿಕ್ ಬಾಚಣಿಗೆಗಳು ಹಡಗಿನಲ್ಲಿ ರಾಶಿರಾಶಿ ಬಂದಿಳಿದವು. ಅಗ್ಗವೆಂದು ಊರೇ ಕೊಂಡಿತು. ಅಷ್ಟೇಕೆ, ಅತ್ತೆಯ ಸೊಸೆಯೇ ಕದ್ದುಮುಚ್ಚಿ ಒಂದು ತಂದಿಟ್ಟುಕೊಂಡಳು! ಈಗ ಆ ಸದ್ದು ಮೂರೇ ಮನೆಗಳಲ್ಲಿ ಉಳಿದಿದೆ.

ಅವತ್ತು ಕುಶಲಕರ್ಮಿಗಳ ಸಂಘದ ಅಕ್ಕ ಬಂದಳು.

"ಅತ್ತೆ, ಹೊರದೇಶದವರು ಮರದ ಬಾಚಣಿಗೆ ಕೇಳ್ತಿದಾರೆ. ಸಂಘಕ್ಕೆ ಸೇರ್ಕೊಳ್ಳಿ."

"ಸಾಕು ಮಾರಾಯ್ತಿ! ಆ ಹೊರದೇಶದ ಸರಕೇ ಅಲ್ವಾ ನಮ್ಮ ಹೊಟ್ಟೆ ಮೇಲೆ ಹೊಡೆದಿದ್ದು?"

"ಹೊಡೆದಿದ್ದು ನಿಜ, ಇಲ್ಲ ಅನ್ನಲ್ಲ. ಎಷ್ಟೋ ಮನೆಯ ಒಲೆ ಆರಿತು. ಆದ್ರೆ ಬಾಗಿಲು ತೆಗೆದಮೇಲೆ ಅವರ ಸರಕು ಮಾತ್ರ ಒಳಗೆ ಬರ್ಬೇಕಾ? ನಮ್ಮದು ಹೊರಗೆ ಹೋಗಬಾರದಾ?"

"ಹೋದ ವರ್ಷ ಕಳಿಸಿದ್ವಲ್ಲ! ಹೋದ ದಾರಿಲೇ ವಾಪಸ್ ಬಂತು."

"ಯಾಕೆ ಅಂತ ಕೇಳಿದ್ರಾ?"

ಅಕ್ಕ ಚೀಲದಿಂದ, ವಾಪಸ್ ಬಂದ ಸರಕಿನ ಮೂರು ಬಾಚಣಿಗೆ ತೆಗೆದು ಸಾಲಾಗಿಟ್ಟಳು. ಮೂರು ಮನೆಯವು, ಮೂರು ಉದ್ದ. ಈ ಬೀದಿಯವರು ಅಳೆಯುವುದೇ ಹೆಬ್ಬೆರಳಿನಿಂದ. ಹೆಬ್ಬೆರಳೋ, ಮನೆಗೊಂದು ಥರ.

"ಒಬ್ಬೊಬ್ಬರೇ ಮಾರಿದ್ರೆ ದಲ್ಲಾಳಿ ಹೇಳಿದ್ದೇ ಬೆಲೆ. ಒಟ್ಟಾಗಿ, ಒಂದೇ ಅಳತೆಯಲ್ಲಿ ಮಾಡಿದ್ರೆ ನಾವೂ ಬೆಲೆ ಹೇಳಬಹುದು."

"ಒಂದೇ ಅಳತೆ ಅಂದ್ರೆ ಯಾರ ಹೆಬ್ಬೆರಳಮ್ಮಾ?" ಅತ್ತೆ ನಕ್ಕಳು. ನಗುತ್ತಲೇ ಏನೋ ಹೊಳೆದು ಎದ್ದಳು. ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಅಪ್ಪ ಮಾಡಿದ ಕೊನೆಯ ಬಾಚಣಿಗೆ ತಂದಳು. ಮೂರೂ ಮನೆಯವರು ಕೆಲಸ ಕಲಿತದ್ದು ಅವನ ಜಗಲಿಯಲ್ಲೇ.

"ಇದು ಅಪ್ಪನ ಹೆಬ್ಬೆರಳಿನ ಅಳತೆ. ಇದಕ್ಕೆ ಯಾರೂ ಬೇಡ ಅನ್ನಲ್ಲ," ಎಂದಳು. ಕಣ್ಣು ತುಂಬಿತ್ತು.

ಅಷ್ಟರಲ್ಲಿ ಗುಜರಿಯವನು ಬಂದ. "ಅಮ್ಮಾ, ಗರಗಸ?"

"ಅದು ಕೊಡಲ್ಲ ಹೋಗಪ್ಪ. ಸೊಸೆಯ ಪ್ಲಾಸ್ಟಿಕ್ ಬಾಚಣಿಗೆ ಇದೆ, ಬೇಕಾದ್ರೆ ತಗೊಂಡು ಹೋಗು!"

ಕೈಕಸುಬಿನ ಬಂಧುಗಳೇ, ನಿಮ್ಮ ಬೀದಿಯಲ್ಲೂ ಇಂಥ ಸದ್ದೊಂದು ನಿಂತಿದೆಯೇ? ಒಬ್ಬರೇ ಕೂತು ಕೊರಗಬೇಡಿ. ಒಟ್ಟಾಗಿ, ಒಂದೇ ಅಳತೆ ಹಿಡಿಯಿರಿ. ಸುಂಕ ಇಳಿಸುವ ಮಾತು ಬಂದಾಗ, ಕೆಲಸ ಕಳೆದುಕೊಳ್ಳುವವರ ಗತಿಯೇನೆಂದು ನಿಮ್ಮ ಪ್ರತಿನಿಧಿಯನ್ನು ಕೇಳಿ. ಗರಗಸ ಮಾರುವ ಮುನ್ನ ಒಮ್ಮೆ ಸಂಘದ ಬಾಗಿಲು ತಟ್ಟಿ.