ಲಕ್ಷದ ಮೇಲೆ ಎಂಟು

ಹಂಪಾಪುರದ ಭಜನೆಮನೆಯಲ್ಲಿ ಕಾರ್ತಿಕವೆಲ್ಲ ಶಿವನಾಮ ಜಪ ನಡೆಯಿತು. ಲಕ್ಷ ನಾಮದ ಸಂಕಲ್ಪ. ಮನೆಗಿಷ್ಟು ಮಾಲೆ ಎಂದು ಹಂಚಿಕೊಂಡಿದ್ದರು. ನೂರೆಂಟು ಮಣಿಯ ಒಂದು ಮಾಲೆ ಮುಗಿದರೆ ಹಿತ್ತಾಳೆ ತಟ್ಟೆಗೆ ಒಂದು ಅವರೆಕಾಳು. ಸುನಂದಮ್ಮನ ಕೈಯಿಂದ ಮಾತ್ರ ಒಂದು ಕಾಳೂ ಬೀಳಲಿಲ್ಲ. ಚಿಕುನ್‌ಗುನ್ಯ ಬಂದು, ಬೆರಳು ಮಡಚಲಾರದೆ, ಒಳಮನೆಯಲ್ಲಿ ಮಲಗಿ ಮೈಕಿನಲ್ಲಿ ಬರುವ ನಾಮ ಕೇಳಿದ್ದೇ ಆಯಿತು. ಅವಳ ಪಾಲನ್ನು ವಾರಗಿತ್ತಿ ಭಾಗ್ಯಮ್ಮ ಮುಗಿಸಿಬಿಟ್ಟಿದ್ದಳು.

ಕಡೆಯ ದಿನ ಹೇಗೋ ಎದ್ದು ಬಂದಳು. ಭಜನೆ ನಡೆಸುವ ವೀರಭದ್ರಸ್ವಾಮಿಯವರ ಮುಂದೆ ನಿಂತು, "ಸ್ವಾಮ್ಯೋರೆ, ನಂಗೂ ಒಂದೆಲ್ಡು ನಾಮ ಮಿಕ್ಕವಾ?" ಎಂದಳು.

"ಎಲ್ಲ ಹಂಚಿ ಆಯ್ತಲ್ಲ ಸುನಂದಮ್ಮ. ಇನ್ನು ನೂರು ಉಳ್ದದೆ, ಅದನ್ನ ಸಂಕಲ್ಪ ಮಾಡ್ದೋನೇ ಮುಗಿಸ್ಬೇಕು. ಕೂತು ಕೇಳು."

ಕೇಳಿ ಕೇಳಿಯೇ ತಿಂಗಳು ಕಳೆದಿತ್ತು. ಆದರೂ ಕಂಬಕ್ಕೆ ಒರಗಿ ಕೂತಳು.

ಸ್ವಾಮಿಗಳು ಮಾಲೆ ತಿರುಗಿಸಿದರು, ಜನ ದನಿಗೂಡಿಸಿತು. ನೂರಕ್ಕೆ ನಿಲ್ಲಿಸಿ, "ಲಕ್ಷ ಆಯ್ತು" ಎಂದರು. ಭಾಗ್ಯಮ್ಮ ಮಂಗಳಾರತಿ ತಟ್ಟೆಗೆ ಕೈಹಾಕಿದಳು. ಸ್ವಾಮಿಗಳು ಮಾತ್ರ ಮಾಲೆ ಕೆಳಗಿಡಲಿಲ್ಲ. ಸುತ್ತು ಮುಗಿಯುವ ಮೇರು ಮಣಿಗೆ ಇನ್ನೂ ಎಂಟು ಮಣಿ ಬಾಕಿ ಇತ್ತು.

"ಮೇರು ಮುಟ್ದೆ ಮಾಲೆ ಇಡಂಗಿಲ್ಲ. ಮುಂದ್ಕೆ ಹೋದ್ರೆ ನನ್ ಸಂಕಲ್ಪ ಮೀರ್ತದೆ" ಎಂದರು. ಎಲ್ಲರ ಕಣ್ಣೂ ಲಕ್ಷದ ಮೇಲಿತ್ತೇ ಹೊರತು ಮಾಲೆಯ ಮೇಲೆ ಯಾರದ್ದೂ ಇರಲಿಲ್ಲ.

"ಕಾಳು ಎಣ್ಸೋವಾಗ ಯಾರೋ ತಪ್ಪವ್ರೆ ಬುಡಿ" ಎಂದಳು ಭಾಗ್ಯಮ್ಮ.

ಅವಳ ಸೊಸೆ ವಾಣಿಶ್ರೀ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. "ತಪ್ಪಿಲ್ಲ ಅತ್ತೆ. ನೂರೆಂಟು ಒಂಬತ್ತರ ಮಗ್ಗಿಗೆ ಸೇರಿದ್ದು. ಆ ಮಗ್ಗೀಲಿ ಬರೋ ಯಾವ ಸಂಖ್ಯೆ ಆದ್ರೂ ಅಂಕಿ ಕೂಡ್ತಾ ಹೋದ್ರೆ ಕಡೆಗೆ ಒಂಬತ್ತೇ. ಲಕ್ಷ ಅಂದ್ರೆ ಒಂದು, ಮುಂದೆ ಬರೀ ಸೊನ್ನೆ. ಕೂಡಿದ್ರೆ ಒಂದೇ. ಯಾರು ಜಪ ಮಾಡಿದ್ರೂ ಲಕ್ಷ ಮೇರುಗೆ ಬಂದು ನಿಲ್ಲಲ್ಲ."

"ಎಂಟು ಸೇರುಸ್ರೆ?" ಕಂಬದ ಕಡೆಯಿಂದ ಸುನಂದಮ್ಮ ಕೇಳಿದಳು.

ವಾಣಿಶ್ರೀ ಮೊಬೈಲಿನಲ್ಲಿ ಭಾಗಿಸಿ ನೋಡಿದಳು. "ಒಂಬೈನೂರ ಇಪ್ಪತ್ತಾರು ಮಾಲೆ, ದೊಡ್ಡತ್ತೆ. ಒಂದು ಮಣಿ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಸ್ವಾಮಿಗಳು ಮಾಲೆಯ ಕಡೆ ನೋಡಿದರು. "ನಾನು ಹಂಚಿದ್ದು ಲಕ್ಷ. ಈ ಎಂಟು ಯಾರ ಪಾಲಿಗೂ ಬಂದಿಲ್ಲ" ಎಂದು, ಹೆಬ್ಬೆರಳು ಕದಲಿಸದೆ ಮಾಲೆ ಹಿಡಿದುಕೊಂಡೇ ಎದ್ದು ಕಂಬದ ಹತ್ತಿರ ಬಂದರು. ಅವರ ಬೆರಳಿದ್ದ ಜಾಗಕ್ಕೆ ಸುನಂದಮ್ಮ ತನ್ನ ಊದಿದ ಬೆರಳು ತಂದಳು.

ಒಂದು ನಾಮ. ಬೆರಳು ಮಣಿಯನ್ನು ತಳ್ಳಲು ಹೆಣಗಿತು. ಇನ್ನೊಂದು. ಒಲೆಯಿಂದ ಇಳಿಸಿದ ಸಜ್ಜಿಗೆ ಆರುತ್ತಾ ಬಂತು.

"ನಿಂಗೆ ಲಕ್ಷ ಕೊಟ್ಟಿದ್ರೆ ನಮ್ ಮೊಮ್ಮಕ್ಳು ಬಂದು ಪ್ರಸಾದ ತಿನ್ಬೇಕಿತ್ತು ಕಣಕ್ಕ" ಎಂದಳು ಭಾಗ್ಯಮ್ಮ. ಜನ ನಕ್ಕಿತು. ಸುನಂದಮ್ಮನೂ ನಕ್ಕಳು, ಅವಸರ ಮಾತ್ರ ಮಾಡಲಿಲ್ಲ.

ಎಂಟನೆಯ ನಾಮಕ್ಕೆ ಬೆರಳು ಮೇರುವಿಗೆ ತಗುಲಿತು. ಭಾಗ್ಯಮ್ಮ ಒಂದು ಅವರೆಕಾಳು ತಂದು ಅವಳ ಅಂಗೈಯಲ್ಲಿಟ್ಟಳು. "ನೀನೇ ಹಾಕು."

ಕಾಳು ಬಡಿದು ಹಿತ್ತಾಳೆ ತಟ್ಟೆಯ ಅಂಚು ಠಣ್ ಎಂದಿತು.