ಹಸಿದ ಕುಲುಮೆ, ತೊಳೆದ ಬಾಟಲಿ

ಏನು ಕೊಟ್ಟರೂ ತಿನ್ನುವ ಕುಲುಮೆಯೊಂದಕ್ಕೆ ನಾನು ಮುಖ್ಯಸ್ಥನಾಗಿದ್ದೆ. ಅದು ಹಸಿವಿನಿಂದ ಸತ್ತಿತು. ಜಪಾನಿನ ಇಡೀ ಹೊಕ್ಕೈಡೋ ದ್ವೀಪದಲ್ಲಿ ಇಂಥ ಸಾಧನೆ ಇನ್ಯಾರೂ ಮಾಡಿರಲಿಕ್ಕಿಲ್ಲ.

ನಮ್ಮದು ಕಲ್ಲಿದ್ದಲು ಗಣಿ ಮುಚ್ಚಿದ ಮೇಲೆ ಅರ್ಧ ಖಾಲಿಯಾದ ಊರು. ಗಣಿಯ ಜಾಗಕ್ಕೆ ಪ್ಲಾಸ್ಮಾ ಕುಲುಮೆ ಬಂತು. ಅದು ಕಸವನ್ನು ಸುಡುವುದಿಲ್ಲ. ವಿದ್ಯುತ್ತಿನ ಮಿಂಚು ಹಾಯಿಸಿ ಅನಿಲವಾಗಿ ಒಡೆದುಬಿಡುತ್ತದೆ. ಆ ಅನಿಲದಿಂದ ಕರೆಂಟು. ಕರಗಿ ಉಳಿದದ್ದು ಕಪ್ಪು ಗಾಜಿನ ಹರಳಾಗಿ ರಸ್ತೆ ಕೆಲಸಕ್ಕೆ ಹೋಗುತ್ತದೆ. ಇದನ್ನು ನಾನು ಊರಿಗೆಲ್ಲ ಎಷ್ಟು ಸಲ ಕೊರೆದಿದ್ದೆನೆಂದರೆ ನನ್ನ ಹೆಂಡತಿ ನಿದ್ದೆಯಲ್ಲೂ ಒಪ್ಪಿಸುತ್ತಿದ್ದಳು.

ತೊಂದರೆ ಒಂದೇ. ಕುಲುಮೆಗೆ ಪ್ಲಾಸ್ಟಿಕ್ ಬೆರೆತ ಕಸ ಬೇಕು. ನಮ್ಮೂರಿನವರೋ ಬಾಟಲಿ ಬೇರೆ, ಮುಚ್ಚಳ ಬೇರೆ, ಅದರ ಮೇಲಿನ ಚೀಟಿ ಬೇರೆ ಮಾಡಿ, ತೊಳೆದು ಒಣಗಿಸಿ, ಬೇರೆ ಬೇರೆ ದಿನ ಮರುಬಳಕೆಗೆ ಇಡುವವರು. ಕುಲುಮೆಯ ಪಾಲಿಗೆ ಬಂದದ್ದು ಒದ್ದೆ ಮೂಲಂಗಿ ಸಿಪ್ಪೆ, ಮೀನಿನ ಮುಳ್ಳು. ಹಸಿ ಸೌದೆ ಊದಿ ಊದಿ ಅನ್ನ ಬೇಯಿಸಿದ ಹಾಗಾಯಿತು. ಅದು ಕೊಡುವ ಕರೆಂಟಿಗಿಂತ ತಿನ್ನುವ ಕರೆಂಟೇ ಹೆಚ್ಚು. ಮೊದಲ ಹಿಮ ಬೀಳುವುದರೊಳಗೆ ಇದು ಸರಿಹೋಗದಿದ್ದರೆ ಮುಚ್ಚಿಬಿಡುತ್ತೇವೆ ಎಂದರು ಮೇಯರ್.

ನಾನು ಬೀದಿಯ ಸಂಘದ ಸಭೆ ಕರೆದೆ. ಬೀದಿಯವರು ಕಸ ತಂದಿಡುವ ಕಟ್ಟೆಯ ಉಸ್ತುವಾರಿ ಫುಕಿ ಅಜ್ಜಿಯದು. ತಪ್ಪಾಗಿ ವಿಂಗಡಿಸಿದ ಚೀಲಕ್ಕೆ ಕೆಂಪು ಚೀಟಿ ಅಂಟಿಸಿ ಮನೆ ಬಾಗಿಲಿಗೇ ವಾಪಸು ತಂದಿಡುವವರು. ಮೇಯರ್ ಮನೆಯನ್ನೂ ಬಿಟ್ಟವರಲ್ಲ.

"ಇನ್ಮೇಲೆ ಏನೂ ವಿಂಗಡಿಸ್ಬೇಡಿ, ತೊಳೀಬೇಡಿ. ಎಲ್ಲಾ ಒಂದೇ ಚೀಲಕ್ಕೆ ತುರುಕಿ," ಎಂದೆ.

ಬಟ್ಟೆ ಬಿಚ್ಚಿ ಎಂದಿದ್ದರೂ ಸಭೆಗೆ ಇಷ್ಟು ಮುಜುಗರವಾಗುತ್ತಿರಲಿಲ್ಲ. ಊರಿನ ಬಿಸಿನೀರಿನ ಬುಗ್ಗೆಯಲ್ಲಿ ಒಟ್ಟಿಗೆ ಸ್ನಾನಕ್ಕಿಳಿಯುವಾಗ ಅದು ದಿನಾ ಮಾಡುವುದೇ.

"ಅಲ್ಲ ಸುಗಾಯಾ ಸಾನ್, ಕೊಳಕು ಡಬ್ಬೀನ ಹಂಗೇ ಇಡೋದಾ? ಪಕ್ಕದ್ಮನೆಯವ್ರು ನೋಡಿದ್ರೆ?" ಎಂದರು ಫುಕಿ ಅಜ್ಜಿ.

"ನೋಡ್ಲಿ ಬಿಡಿ ಅಜ್ಜಿ. ನಾಳೆ ಮೊದ್ಲು ನಮ್ಮನೆ ಚೀಲಾನೇ ಇಡ್ತೀನಿ. ನನ್ನ ನೋಡಿ ಕಲೀರಿ."

ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಕಟ್ಟೆಯ ಬಳಿ ಇಡೀ ಬೀದಿ ನೆರೆದಿತ್ತು. ನಾನು ಚೀಲ ಇಟ್ಟೆ. ಅಜ್ಜಿ ಕೈಗವಸು ಹಾಕಿಕೊಂಡು ಗಂಟು ಬಿಚ್ಚಿದರು. ಸೋಯಾ ಸಾಸಿನ ಬಾಟಲಿ ಹೊರಬಂತು. ಮುಚ್ಚಳವಿಲ್ಲ, ಚೀಟಿಯಿಲ್ಲ, ಒಳಗೆ ಒಂದು ಹನಿಯಿಲ್ಲ. ತೋಫುವಿನ ಡಬ್ಬಿ ಬಂತು. ಅದು ಫಳಫಳ ಹೊಳೆಯುತ್ತಿತ್ತು. ಮೀನಿನ ಮುಳ್ಳುಗಳನ್ನು ಪೇಪರಿನಲ್ಲಿ ಉಡುಗೊರೆಯ ಹಾಗೆ ಸುತ್ತಿಟ್ಟಿದ್ದೆ.

"ಇದಾ ನಿಮ್ಮ ಕೊಳಕು?" ಎಂದರು ಅಜ್ಜಿ. "ನಮ್ಮನೇಲಿ ಊಟದ ಬಟ್ಲೂ ಇಷ್ಟು ಚೊಕ್ಕಟ ಇರಲ್ವಲ್ಲಪ್ಪಾ!"

ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ದೇವರಾಣೆ, ತೊಳೆದದ್ದು ನನಗೆ ನೆನಪೇ ಇರಲಿಲ್ಲ. ತಲೆ ಕುಲುಮೆಯ ಪರ, ಕೈ ಅಜ್ಜಿಯ ಪರ. ಆಮೇಲೆ ಊರಿನಲ್ಲಿ ಒಬ್ಬರೂ ಕಸ ಬೆರೆಸಲಿಲ್ಲ. ಯಾವ ಮುಖ ಇಟ್ಟುಕೊಂಡು ಅವರನ್ನು ಕೇಳಲಿ?

ಹಿಮ ಬಿತ್ತು. ಕುಲುಮೆ ಆರಿಸುವ ಮಧ್ಯಾಹ್ನ ನಾನು ಗೇಟಿನ ಹತ್ತಿರ ಪೆಚ್ಚಾಗಿ ನಿಂತಿದ್ದಾಗ ಮೊದಲು ವಾಸನೆ ಬಂತು, ಅದರ ಹಿಂದೆ ಜಾರುಬಂಡಿ ಎಳೆದುಕೊಂಡು ಫುಕಿ ಅಜ್ಜಿ ಬಂದರು. ಬಂಡಿಯ ಮೇಲೆ ಒಂದು ದೊಡ್ಡ ಚೀಲ.

"ಅವತ್ತು ನಿಮ್ಮ ಮುಖ ನೋಡಕ್ಕಾಗ್ಲಿಲ್ಲ. ಅವತ್ತಿಂದ ಹಿತ್ತಲ್ಲಿ ಬಚ್ಚಿಟ್ಟು ಎಲ್ಲಾ ಒಂದೇ ಚೀಲಕ್ಕೆ ಸೇರಿಸ್ತಿದೀನಿ. ಸೊಸೆ ಮೂಗು ಮುಚ್ಕೊಂಡು ತವರಿಗೆ ಹೋದ್ಲು," ಎಂದರು. "ಪಾಪ, ಆ ನಿಮ್ಮ ಕುಲುಮೆ ಹೊಟ್ಟೆ ತುಂಬ ಉಂಡು ಹೋಗ್ಲಿ."

ಗಂಟು ಬಿಚ್ಚಿದೆ. ಅಂಟಂಟು ಡಬ್ಬಿಗಳು, ಕೊಳೆತ ಎಲೆಕೋಸು, ಮೀನಿನ ತಲೆಗಳು, ಎಲ್ಲ ಒಂದಾಗಿ ಗಬ್ಬು ನಾರುತ್ತಿದ್ದವು. ಅಷ್ಟು ಒಳ್ಳೆಯ ಕಸ ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಎಲ್ಲಕ್ಕಿಂತ ಮೇಲೆ ಒಂದು ಸಾಸ್ ಬಾಟಲಿ, ಮುಚ್ಚಳ ಸಮೇತ. ನನ್ನ ಕೈ ಮುಚ್ಚಳ ತಿರುಗಿಸತೊಡಗಿತು.

ಅಜ್ಜಿ ಕೈಮೇಲೆ ರಪ್ಪೆಂದು ಹೊಡೆದರು. "ಕೈ ತೆಗೀರಿ! ಹಂಗೇ ಹಾಕಿ!"

ಚೀಲವನ್ನು ಒಳಗೆ ಒಯ್ದು ಕುಲುಮೆಗೆ ಹಾಗೆಯೇ ಹಾಕಿದೆ. ಅದರ ಕಿಟಕಿಯ ಗಾಜಿನಾಚೆ ಬೆಳಕು ಬೆಳ್ಳಗೆ ಎದ್ದಿತು. ಅಜ್ಜಿ ಮೂಗಿಗೆ ಸೆರಗಿನಂತೆ ಮಫ್ಲರ್ ಹಿಡಿದುಕೊಂಡೇ ಅದಕ್ಕೆ ತಲೆಬಾಗಿ ನಮಸ್ಕರಿಸಿದರು. ಇಡೀ ಊರಿನಲ್ಲಿ ನನ್ನ ಮಾತು ಕೇಳಿದ್ದು ಅವರೊಬ್ಬರೇ. ನಾನೂ ಕೇಳಿರಲಿಲ್ಲ.