ಒಂದೇ ಪದರ ಅಂಟು

ದುಯಿಲಿಯೊ ಝಾಂಪೆರಿನ್ ಗೆದ್ದ ಪಂದ್ಯ ಒಂದೂ ಇಲ್ಲ. ಏಳು ವರ್ಷ ಸೈಕಲ್ ತುಳಿದೇ ಹೊಟ್ಟೆ ಹೊರೆದ. ಏಳು ವರ್ಷವೂ ಇನ್ನೊಬ್ಬನನ್ನು ಗೆಲ್ಲಿಸುವುದೇ ಅವನ ಕೆಲಸವಾಗಿತ್ತು. ನಾಯಕನಿಗೆ ಬಾಯಾರಿದರೆ ಹಿಂದೆ ಬರುವ ತಂಡದ ಕಾರಿನಿಂದ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಮುಂದಕ್ಕೆ ಒಯ್ಯುತ್ತಿದ್ದ. ಎದುರುಗಾಳಿ ಬೀಸಿದರೆ ಎದೆಯೊಡ್ಡಿ ಮುಂದೆ ಹೋಗುತ್ತಿದ್ದ. ನಾಯಕನ ಗಾಲಿ ಪಂಕ್ಚರಾದರೆ ತನ್ನದನ್ನು ಬಿಚ್ಚಿಕೊಟ್ಟು ರಸ್ತೆಬದಿಯಲ್ಲಿ ಒಂಟಿಕಾಲಿನ ಕೊಕ್ಕರೆಯ ಹಾಗೆ ನಿಂತಿರುತ್ತಿದ್ದ. ನಮ್ಮಲ್ಲಿ ಇಂಥವರಿಗೆ ಗ್ರೆಗಾರಿಯೊ ಎನ್ನುತ್ತಾರೆ, ಮಂದೆಯಲ್ಲಿ ಒಬ್ಬ ಎಂದು ಅರ್ಥ.

ನಾನು ಒಲಿಂದೊ ಫ್ರೆಗೊನೇಸೆ, ಅದೇ ತಂಡದ ಮೆಕ್ಯಾನಿಕ್. ಅವನಿಗಿಂತ ಹನ್ನೆರಡು ವರ್ಷ ದೊಡ್ಡವನು, ಅವನ ಪಕ್ಕದ ಊರಿನವನು. ಅವನ ಐದನೆಯ ವರ್ಷದಲ್ಲಿ ನಾನು ಮಾಡಿದ್ದನ್ನೂ ಆಮೇಲೆ ಮಾಡದೆ ಬಿಟ್ಟದ್ದನ್ನೂ ಹೇಳುತ್ತೇನೆ.

ದುಯಿಲಿಯೊಗೆ ಒಂದು ವರವಿತ್ತು. ಘಟ್ಟ ಇಳಿಯುವುದರಲ್ಲಿ ಅವನ ಸಮಕ್ಕೆ ನಿಲ್ಲುವವರು ಇಡೀ ಇಟಲಿಯಲ್ಲಿ ನಾಲ್ಕೈದು ಜನ ಇದ್ದರೋ ಇಲ್ಲವೋ. ತಿರುವಿನಲ್ಲಿ ಬೇರೆಯವರು ಬ್ರೇಕಿಗೆ ಕೈ ಹಾಕುವ ಜಾಗದಲ್ಲಿ ಅವನು ಮೈ ವಾಲಿಸಿ ನುಣುಚಿಕೊಂಡು ಹೋಗುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಹಾವುಮೀನು ಎಂದು ಕರೆಯುತ್ತಿದ್ದರು. "ಬ್ರೇಕ್ ಇರೋದು ಮನೆ ಬಾಗಿಲಲ್ಲಿ ನಿಲ್ಲೋಕೆ ಕಣಣ್ಣ, ದಾರೀಲಿ ಅದಕ್ಕೇನು ಕೆಲಸ?" ಎಂದು ನಗುತ್ತಿದ್ದ. ಬೇರೆ ಯಾವ ವಿಷಯಕ್ಕೂ ಜಂಬ ಪಡದವನು ಇದೊಂದಕ್ಕೆ ಪಡುತ್ತಿದ್ದ.

ಆ ಜೂನ್ ತಿಂಗಳಲ್ಲಿ ನಮ್ಮ ಸೀಮೆಯಲ್ಲೇ ಐದು ದಿನಗಳ ಪಂದ್ಯವಿತ್ತು. ಮೂರನೆಯ ದಿನ ಮಳೆ. ಕೊಚ್ಚಿಬಂದ ಕಲ್ಲುಚೂರುಗಳಿಗೆ ಸಿಕ್ಕಿ ನಮ್ಮ ಹನ್ನೊಂದು ಟೈರುಗಳು ಹರಿದವು. ಆಗಿನ ಪಂದ್ಯದ ಟೈರುಗಳನ್ನು ಗಾಲಿಯ ರಿಮ್ಮಿಗೆ ಅಂಟು ಬಳಿದು ಕೂರಿಸಬೇಕಿತ್ತು. ಒಂದು ಪದರ ಬಳಿದು, ಅದು ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮೂರು ಪದರ ಬಿದ್ದರೆ ಎತ್ತು ಕಟ್ಟಿ ಎಳೆದರೂ ಟೈರು ಬಿಡದು.

ಹೋಟೆಲಿನ ಹಿಂದಿನ ಶೆಡ್ಡಿನಲ್ಲಿ ಕೂತು ಮೊದಲು ನಾಯಕ ರಾಯ್‌ಮೊಂದೊ ಕಸ್ತಾಲ್ದಿಯ ಗಾಲಿಗಳನ್ನು ಮುಗಿಸಿದೆ. ಮೂರು ಪದರ, ಚೊಕ್ಕವಾಗಿ. ಆಮೇಲೆ ತಂಡದ ಉಳಿದವರದು. ಕೊನೆಗೆ ದುಯಿಲಿಯೊನ ಮುಂದಿನ ಗಾಲಿ ಉಳಿಯಿತು. ಸೊಂಟ ನೋಯುತ್ತಿತ್ತು, ಒಳಗೆ ಊಟಕ್ಕೆ ಕೂಗುತ್ತಿದ್ದರು. ಒಂದು ಪದರ ಬಳಿದೆ, ಅರ್ಧ ಒಣಗುವಷ್ಟರಲ್ಲಿ ಟೈರು ಒತ್ತಿ ಕೂರಿಸಿದೆ. ನಾಳೆ ಇವನು ಬಾಟಲಿ ಹೊರುವವನು ತಾನೇ, ಸಾಕು ಅಂದುಕೊಂಡೆ. ಹಾಗೆ ಅಂದುಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಬೆಳಗ್ಗೆ ಎದ್ದರೆ ಕಸ್ತಾಲ್ದಿಗೆ ವಾಂತಿ, ಜ್ವರ. ಅವನು ಮನೆಗೆ ಹೊರಟ. ನಮ್ಮ ನಿರ್ದೇಶಕ ಎಲಿಜಿಯೊ ಮನ್‌ಫ್ರಿನ್ ಗಡ್ಡ ಕೆರೆದುಕೊಂಡು, ಕೊನೆಗೆ ದುಯಿಲಿಯೊನ ಹೆಗಲ ಮೇಲೆ ಕೈ ಹಾಕಿದರು.

"ಇವತ್ತು ಕೊನೇಲಿ ಕ್ರೋಚೆ ದೌನೆ ಘಟ್ಟ, ಇಳಿದ್ರೆ ಫೆಲ್ತ್ರೆ ಊರು, ಅಲ್ಲೇ ಮುಕ್ತಾಯ. ನಿನ್ನದೇ ರಸ್ತೆ ಅಲ್ವೇನೋ?"

"ಹೌದು ಯಜಮಾನ್ರೇ. ಕಣ್ಣು ಕಟ್ಟಿದ್ರೂ ಇಳೀತೀನಿ."

"ಹಾಗಾದ್ರೆ ಇವತ್ತು ಯಾರಿಗೂ ನೀರು ಹೊರಬೇಡ. ನಿನಗಾಗಿ ತುಳಿ."

ಅವನ ಮುಖ ಕೆಂಪೇರಿತು. ಹೆಂಡತಿ ನಿವೆಸ್‌ಗೆ ಫೋನ್ ಮಾಡಲು ಓಡಿದ. ನಾನು ಪಂಪು ಹಿಡಿದು ಅಲ್ಲೇ ನಿಂತಿದ್ದೆ. ಕಾರಿನ ಮೇಲೆ ಕಸ್ತಾಲ್ದಿಯ ಸೈಕಲ್ ಖಾಲಿ ಇತ್ತು, ಮೂರು ಪದರ ಅಂಟಿನ ಗಾಲಿಗಳ ಸಮೇತ. ಗಾಲಿ ಬದಲಿಸಲು ಒಂದು ನಿಮಿಷ ಸಾಕು. ಆದರೆ ಯಾಕೆ ಬದಲಿಸುತ್ತಿದ್ದೀಯ ಎಂದು ಮನ್‌ಫ್ರಿನ್ ಕೇಳಿದರೆ ಏನು ಹೇಳಲಿ? ನಿನ್ನೆ ಸೋಮಾರಿತನ ಮಾಡಿದೆ ಅನ್ನಲೇ? ಹೆಬ್ಬೆರಳಿನಿಂದ ಟೈರು ತಳ್ಳಿ ನೋಡಿದೆ, ಜರುಗಲಿಲ್ಲ. ಆಗಬಹುದು ಅಂತ ಬಿಟ್ಟೆ.

ದುಯಿಲಿಯೊ ಓಡಿಬಂದ. "ಒಲಿಂದೊ ಅಣ್ಣ, ಎಲ್ಲ ಸರಿಯಿದೆಯಾ?"

"ನಿನ್ನ ಕಾಲು ಸರಿಯಿದೆಯಾ ನೋಡ್ಕೋ ಹೋಗೋ," ಎಂದೆ.

ಅವತ್ತು ಅವನು ತುಳಿದ ಹಾಗೆ ಹಿಂದೆಂದೂ ತುಳಿದಿರಲಿಲ್ಲ. ಘಟ್ಟದ ಬುಡದಲ್ಲಿ ಮೂವರೊಡನೆ ಮುಂದೆ ಹೋದ. ಅರ್ಧ ಏರುವಷ್ಟರಲ್ಲಿ ಒಬ್ಬನೇ ಉಳಿದ. ನೆತ್ತಿ ಮುಟ್ಟಿದಾಗ ಹಿಂದಿನವರಿಗೂ ಅವನಿಗೂ ಒಂದೂವರೆ ನಿಮಿಷದ ಅಂತರ. ಹಾವುಮೀನಿಗೆ ಇಳಿಜಾರಿನಲ್ಲಿ ಒಂದೂವರೆ ನಿಮಿಷ ಸಿಕ್ಕಿದ ಮೇಲೆ ಇನ್ನೇನು? ಮನ್‌ಫ್ರಿನ್ ಕಾರಿನ ಸ್ಟೇರಿಂಗ್ ಮೇಲೆ ಗುದ್ದುತ್ತಾ, "ಗೆದ್ದ ಕಣೋ ಮುಂಡೇದು, ಗೆದ್ದ!" ಎಂದು ಕಿರುಚುತ್ತಿದ್ದರು. ನಾನು ಹಿಂದಿನ ಸೀಟಿನಲ್ಲಿ ಗಾಲಿಗಳನ್ನು ತಬ್ಬಿ ಕೂತಿದ್ದೆ.

ಮೂರನೆಯ ತಿರುವು ದಾಟಿದೊಡನೆ ಅವನನ್ನು ಕಂಡೆವು. ತಡೆಗೋಡೆಯ ಬುಡದಲ್ಲಿ ಮಗುಚಿ ಬಿದ್ದಿದ್ದ. ಒಂದು ಕಾಲು ಇರಬಾರದ ರೀತಿಯಲ್ಲಿ ತಿರುಗಿತ್ತು. ಮುಂದಿನ ಟೈರು ರಿಮ್ಮಿನಿಂದ ಕಳಚಿ, ಸುಲಿದ ತೊಗಟೆಯ ಹಾಗೆ ಸೈಕಲ್ಲಿಗೆ ಸುತ್ತಿಕೊಂಡಿತ್ತು.

ಸೊಂಟದ ಮೂಳೆ, ಕೊರಳೆಲುಬು, ದವಡೆ. ಎರಡು ದಿನ ಅವನಿಗೆ ಪ್ರಜ್ಞೆ ಬರಲಿಲ್ಲ. ಆಸ್ಪತ್ರೆಯ ಹೊರಗೆ ಮನ್‌ಫ್ರಿನ್ ನನ್ನನ್ನು ಕೇಳಿದರು: "ಟೈರು ಯಾಕೆ ಕಳಚ್ತು?"

ನಿಜ ಹೇಳಲು ಬಾಯಿ ತೆರೆದೆ. ಹೊರಬಂದದ್ದು ಬೇರೆ ಮಾತು. "ಬ್ರೇಕ್ ಬಹಳ ಹಿಡಿದಿರ್ಬೇಕು. ರಿಮ್ ಕಾದು ಅಂಟು ಕರಗಿದೆ."

ಅಂಥದ್ದೂ ಆಗುತ್ತಿತ್ತು, ಹಾಗಾಗಿ ಯಾರೂ ಅನುಮಾನಿಸಲಿಲ್ಲ. ಆ ಮಾತು ಪತ್ರಿಕೆಗೂ ಹೋಯಿತು. ಗೆಲುವು ಕಣ್ಣೆದುರಿಗೆ ಬಂದಾಗ ಹಾವುಮೀನಿಗೆ ಭಯ ಹತ್ತಿತು, ತಿರುವು ತಿರುವಿಗೂ ಬ್ರೇಕ್ ಹಿಡಿಯಿತು ಎಂದು ಬರೆದರು. ದವಡೆಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದ ದುಯಿಲಿಯೊಗೆ ಘಟ್ಟದ ನೆತ್ತಿಯವರೆಗೆ ಮಾತ್ರ ನೆನಪಿತ್ತು. ನನ್ನ ಕೈ ಹಿಡಿದು ಹಲ್ಲು ಬಿಚ್ಚದೆ ಕೇಳಿದ:

"ನಾನು ಬ್ರೇಕ್ ಹಿಡಿದ್ನಾ ಅಣ್ಣ?"

"ಹಿಡಿದಿರ್ಬೇಕು ಕಣೋ," ಎಂದೆ.

ಮೂಳೆ ಕೂಡಿತು. ಮುಂದಿನ ವರ್ಷ ಅವನು ಮರಳಿ ಬಂದ, ಆದರೆ ಬಂದವನು ಬೇರೆಯೇ ಆಗಿದ್ದ. ಏರುವಾಗ ಮೊದಲಿನಂತೆ ಏರುತ್ತಿದ್ದ. ನೆತ್ತಿ ಬಂದೊಡನೆ ಹಿಂದೆ ಸರಿಯುತ್ತಿದ್ದ. ಬ್ರೇಕಿನ ಮೇಲೆ ಬಿಗಿಹಿಡಿದ ಬೆರಳುಗಳು ಬೆಳ್ಳಗಾಗಿರುತ್ತಿದ್ದವು, ವಾರಕ್ಕೆ ಎರಡು ಸಲ ನಾನು ಅವನ ಬ್ರೇಕಿನ ರಬ್ಬರು ಬದಲಿಸುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು. ಕೊನೆಗೆ ತೊಸ್ಕಾನಾದ ಒಂದು ಪಂದ್ಯದಲ್ಲಿ, ಅಂಥ ದೊಡ್ಡದೇನೂ ಅಲ್ಲದ ಗುಡ್ಡದ ಮೇಲೆ, ಸೈಕಲ್ಲಿನಿಂದ ಇಳಿದು ಹುಲ್ಲಿನ ಮೇಲೆ ಕೂತುಬಿಟ್ಟ. ನಾನು ಕಾರಿನಿಂದ ಇಳಿದು ಹೋದೆ.

"ನನ್ನ ಕೈ ನನಗೇ ಮೋಸ ಮಾಡ್ತು ಅಣ್ಣ," ಎಂದ. "ಬೇರೆಯವರು ಮಾಡಿದ್ರೆ ಬೈದು ಸುಮ್ಮನಾಗಬಹುದಿತ್ತು. ನನ್ನ ಕೈಯನ್ನ ನಾನು ಇನ್ನು ಹೇಗೆ ನಂಬಲಿ?"

ಹೇಳಬೇಕಾಗಿದ್ದ ಗಳಿಗೆ ಅದು. ನಾನು ಅವನ ಸೈಕಲ್ ಎತ್ತಿ ಕಾರಿನ ಮೇಲೆ ಕಟ್ಟಿದೆ, ಅಷ್ಟೇ. ಆ ಶರತ್ಕಾಲದಲ್ಲಿ ತಂಡ ಅವನನ್ನು ಬಿಟ್ಟಿತು. ಬೇರೆ ತಂಡಗಳು ಕರೆಯಲಿಲ್ಲ. ಅವನಿಗಾಗ ಮೂವತ್ತು.

ಆಮೇಲೆ ಅವನು ನೋವೆ ಊರಿನ ಪಿಂಗಾಣಿ ಕಾರ್ಖಾನೆಯವರನ್ನು ಕರೆದೊಯ್ಯುವ ಬಸ್ಸಿಗೆ ಡ್ರೈವರನಾದ. ನಾನು ತಂಡದಲ್ಲೇ ಉಳಿದೆ. ನಾಲ್ಕು ವರ್ಷ ಕಳೆಯಿತು. ಒಂದು ನವೆಂಬರಿನ ಶನಿವಾರ ಅಲ್ವಿಸೆಯ ಬಾರಿನಲ್ಲಿ ಹೊಸ ವೈನ್ ಕುಡಿಯುತ್ತಾ ಕೂತಿದ್ದೆ. ದುಯಿಲಿಯೊ, ನಿವೆಸ್ ಇಬ್ಬರೂ ಒಳಗೆ ಬಂದರು. ಕಾರ್ಖಾನೆಯವನೊಬ್ಬ ಕೂಗಿದ:

"ಏ ಬ್ರೇಕೂ! ನಿನ್ನ ಬಸ್ಸಲ್ಲಿ ಕೂತ್ರೆ ಮನೆ ಸೇರೋ ಹೊತ್ಗೆ ಒಲೆ ಮೇಲಿನ ಪೊಲೆಂತಾ ಗಂಜಿ ತಳ ಹಿಡಿದಿರ್ತದಲ್ಲೋ!"

"ಹೋಗ್ಲಿ ಬಿಡಪ್ಪ," ಅಲ್ವಿಸೆ ಲೋಟ ಒರೆಸುತ್ತಾ ಸೇರಿಸಿದ, "ಬ್ರೇಕು ಇರೋದ್ರಿಂದ ತಾನೇ ನಿಮ್ಮ ಜೀವ ಉಳಿದಿರೋದು?"

ಎಲ್ಲರೂ ನಕ್ಕರು. ದುಯಿಲಿಯೊನೂ ನಕ್ಕ. ಎಷ್ಟೋ ಕಾಲದಿಂದ ಅಭ್ಯಾಸವಾದ ನಗು ಅದು. ನಿವೆಸ್ ಮಾತ್ರ ನಗದೆ ಗಂಡನ ತೋಳು ಹಿಡಿದು ನಿಂತಿದ್ದಳು. ನನ್ನ ಲೋಟ ಅರ್ಧದಲ್ಲೇ ಬಿಟ್ಟು ಎದ್ದು ಬಂದೆ.

ಮರುದಿನ ಚರ್ಚಿನ ಪೂಜೆ ಮುಗಿದ ಮೇಲೆ ಅವನ ಮನೆಗೆ ಹೋದೆ. ಅಂಗಳದಲ್ಲಿ ಬಸ್ಸು ತೊಳೆಯುತ್ತಿದ್ದ. ನಿಂತಲ್ಲೇ ಹೇಳಿದೆ. ಹನ್ನೊಂದು ಟೈರು, ಊಟದ ಕರೆ, ಕಾರಿನ ಮೇಲಿದ್ದ ಕಸ್ತಾಲ್ದಿಯ ಗಾಲಿ, ಆಸ್ಪತ್ರೆಯ ಸುಳ್ಳು, ಎಲ್ಲ. ಅವನ ಕೈಯಲ್ಲಿದ್ದ ಪೈಪಿನಿಂದ ನೀರು ಅವನ ಬೂಟಿನ ಮೇಲೇ ಸುರಿಯುತ್ತಿತ್ತು.

"ಎಷ್ಟು ಪದರ ಹಾಕಿದ್ದೆ?" ಎಂದು ಕೇಳಿದ. ನನ್ನನ್ನು ಅವನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

"ಒಂದು."

"ಕಸ್ತಾಲ್ದಿಗೆ?"

"ಮೂರು."

ಅವನು ಪೈಪು ಕೆಳಗೆ ಹಾಕಿ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. "ಅಂದ್ರೆ ನಾನು ಬ್ರೇಕ್ ಹಿಡಿದಿರ್ಲಿಲ್ಲ."

"ಮೂರು ತಿರುವಿನಲ್ಲಿ ಒಂದು ಸಲವೂ ಹಿಡಿದಿರ್ಲಿಲ್ಲ ಅನ್ಸತ್ತೆ. ನಾನು ಗಾಲಿ ಮುಟ್ಟಿದಾಗ ರಿಮ್ ತಣ್ಣಗಿತ್ತು."

ಹೊಡೆಯುತ್ತಾನೆ ಅಂದುಕೊಂಡೆ. ಅವನು ಬಸ್ಸಿನ ಮೆಟ್ಟಿಲ ಮೇಲೆ ಕೂತು ಅತ್ತ. ಬಾಗಿಲಲ್ಲಿ ನಿವೆಸ್ ಬಂದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಮೂಳೆ ಮುರಿದದ್ದಕ್ಕೆ ಕ್ಷಮಿಸಬಹುದೇನೋ," ಎಂದಳು. "ನನ್ನ ಗಂಡ ನಿದ್ದೇಲಿ ಕೈ ಬಿಗಿಹಿಡಿದು ಬೆಚ್ಚಿಬೀಳೋದನ್ನ ಆರು ವರ್ಷ ನೋಡಿದ್ದೀನಿ. ಅದಕ್ಕೆ ಏನ್ ಮಾಡ್ತೀಯ? ಹೋಗು ಇಲ್ಲಿಂದ."

ಹೊರಟೆ. ದುಯಿಲಿಯೊ ಹಿಂದಿನಿಂದ ಕರೆದ. "ನನಗೊಬ್ಬನಿಗೆ ಹೇಳಿದ್ರೆ ಆಗಲ್ಲ. ಬ್ರೇಕು ಅಂತ ಕರೀತಾರಲ್ಲ, ಅವರೆದುರಿಗೆ ಹೇಳು."

ಮುಂದಿನ ಭಾನುವಾರ ನಮ್ಮ ಸೈಕಲ್ ಸಂಘದ ವರ್ಷದ ಊಟ. ಎಂಬತ್ತು ಜನ. ಮನ್‌ಫ್ರಿನ್ ಕೂಡ ಬಂದಿದ್ದರು. ಮಾಂಸದ ತಟ್ಟೆಗಳು ಬಂದ ಹೊತ್ತಿಗೆ ನಾನು ಎದ್ದು ನಿಂತೆ. ಮೇಜು ಹಿಡಿದುಕೊಂಡೇ ಎಲ್ಲ ಹೇಳಿದೆ. ಮುಗಿಸಿದೊಡನೆ, ಬಡಿಸುತ್ತಿದ್ದ ಅಲ್ವಿಸೆ ಬಂದು ನನ್ನೆದುರಿನ ತಟ್ಟೆ ಎತ್ತಿಕೊಂಡು ಹೋದ. ಮನ್‌ಫ್ರಿನ್ ನನ್ನತ್ತ ತಿರುಗದೆ, "ನಾಳೆ ಬಂದು ನಿನ್ನ ಹತ್ಯಾರ ತಗೊಂಡು ಹೋಗು," ಎಂದರು. ದುಯಿಲಿಯೊ ದೂರದ ಮೇಜಿನಲ್ಲಿ ತಲೆ ತಗ್ಗಿಸಿ ಬ್ರೆಡ್ಡಿನ ಚೂರನ್ನು ಉಂಡೆ ಕಟ್ಟುತ್ತಿದ್ದ. ಯಾರೋ ಒಬ್ಬರು ಅವನ ಬೆನ್ನು ತಟ್ಟಲು ಹೋದರು, ಅವನು ಮೈ ಕೊಸರಿಕೊಂಡ.

ಆಮೇಲೆ ಅವನನ್ನು ಬ್ರೇಕು ಎಂದು ಯಾರೂ ಕರೆಯಲಿಲ್ಲ. ಹಾವುಮೀನು ಎಂದೂ ಕರೆಯಲಿಲ್ಲ. ಹೇಗೆ ಕರೆಯಬೇಕೆಂದು ತಿಳಿಯದೆ ಝಾಂಪೆರಿನ್ ಎನ್ನತೊಡಗಿದರು. ನಾನು ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿಗೆ ಕೂತೆ.

ಮೇ ತಿಂಗಳಲ್ಲಿ ಒಂದು ಬೆಳಗ್ಗೆ ಅವನು ನನ್ನ ಅಂಗಡಿಗೆ ಬಂದ. "ವ್ಯಾನ್ ಇದೆಯಲ್ಲ? ಬಾ, ಕ್ರೋಚೆ ದೌನೆಗೆ ಹೋಗ್ಬೇಕು."

ಸೈಕಲ್ಲನ್ನು ತಾನೇ ವ್ಯಾನಿಗೆ ಹತ್ತಿಸಿದ. ನೆತ್ತಿಯಲ್ಲಿ ಸೈಕಲ್ ಇಳಿಸಿದ. ಅಂಟು ತಾನೇ ಬಳಿದಿದ್ದ. ಆದರೂ ಹೆಬ್ಬೆರಳಿನಿಂದ ಟೈರನ್ನು ಸುತ್ತಲೂ ತಳ್ಳಿ ನೋಡಿದ, ಎರಡು ಸಲ. ಹೊರಟ. ನಾನು ವ್ಯಾನಿನಲ್ಲಿ ಹಿಂದೆ. ಮೊದಲ ತಿರುವಿನಲ್ಲಿ ಮೈ ವಾಲಿಸಿದ ರೀತಿ ನೋಡಿ ಹಳೆಯ ದುಯಿಲಿಯೊ ಅನ್ನಿಸಿತು. ಎರಡನೆಯದರಲ್ಲಿ ಭುಜ ಬಿಗಿಯಾಯಿತು. ಮೂರನೆಯದು ಬರುವ ಮೊದಲೇ ಬ್ರೇಕ್ ಕಿರುಚಿತು. ಅವನು ಕಾಲೂರಿ ನಿಂತ.

ನಾನು ಹತ್ತಿರ ಹೋದೆ. ಕೈ ಇನ್ನೂ ಬ್ರೇಕಿನ ಮೇಲೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ.

"ತಪ್ಪು ನನ್ನದಲ್ಲ ಅಂತ ಈಗ ಗೊತ್ತು," ಎಂದ. "ಗೊತ್ತಿದ್ರೂ ಆಗ್ತಿಲ್ಲ ನೋಡು. ಇವಕ್ಕೆ ಹೇಳೋರು ಯಾರು?"

"ವ್ಯಾನ್ ಹತ್ತೋ."

"ಬೇಡ. ನೀನು ಹೋಗು."

ಅವನು ಹತ್ತಲಿಲ್ಲ. ಬ್ರೇಕ್ ಹಿಡಿದುಕೊಂಡೇ, ಮುದುಕರು ಮೆಟ್ಟಿಲಿಳಿಯುವಂತೆ ಫೆಲ್ತ್ರೆಯವರೆಗೂ ಇಳಿದ. ಹಿಂದೆ ಬಂದ ಲಾರಿಯವನು ಹಾರ್ನ್ ಬಾರಿಸಿ ಬೈದು ಮುಂದೆ ಹೋದ. ನಾನು ಹೋಗದೆ ನಿಧಾನವಾಗಿ ಹಿಂದೆಯೇ ಬಂದೆ. ಅವನು ಒಂದು ಸಲವೂ ತಿರುಗಿ ನೋಡಲಿಲ್ಲ.

ಮತ್ತೆ ಅವನು ನನ್ನನ್ನು ಕರೆಯಲಿಲ್ಲ. ಬಿಡುವಿದ್ದಾಗ ಒಬ್ಬನೇ ಆ ಘಟ್ಟಕ್ಕೆ ಹೋಗುತ್ತಾನಂತೆ. ಈಗ ಐದನೆಯ ತಿರುವಿನವರೆಗೆ ನಿಲ್ಲದೆ ಇಳಿಯುತ್ತಾನೆ ಎಂದು ಒಬ್ಬರು ಹೇಳಿದರು, ಅದೆಲ್ಲ ಸುಳ್ಳು ಎಂದು ಇನ್ನೊಬ್ಬರು. ಕೇಳುವ ಹಕ್ಕು ನನಗಿಲ್ಲ. ಸಂತೆಯಲ್ಲಿ ಎದುರಾದರೆ ನಿವೆಸ್ ಎಷ್ಟೋ ಕಾಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ಕಳೆದ ಮಂಗಳವಾರ ಮಾತ್ರ ತರಕಾರಿಯವನ ಮುಂದೆ ನಿಂತು, ನನ್ನ ಮುಖ ನೋಡದೆ, "ನಿಮ್ಮ ಅಮ್ಮನಿಗೆ ಕೆಮ್ಮು ಕಡಿಮೆಯಾಯ್ತಾ?" ಎಂದಳು.

"ಪರವಾಗಿಲ್ಲಮ್ಮ, ಕಡಿಮೆಯಾಗಿದೆ," ಎಂದೆ.

ಅವಳು ಈರುಳ್ಳಿ ಆರಿಸಿಕೊಂಡು ಹೊರಟುಹೋದಳು.